ಇನ್ನಾಸಿಯ ಏಡಿ

ಕುರುಸುತುರೈಯಲ್ಲಿ ಇನ್ನಾಸಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ. ಬಡತನ ಕಾರಣವಲ್ಲ, ಕನ್ಯಾಕುಮಾರಿಯ ಪಡುವಣ ದಂಡೆಯ ಆ ಊರಿನಲ್ಲಿ ಬಡವನಲ್ಲದವನು ಯಾರಿದ್ದ? ಕಾರಣ ಅವನ ಕೋಪ. ಇಪ್ಪತ್ತು ತುಂಬುವ ಮೊದಲೇ ಬಲೆ ಒಣಹಾಕುವ ಜಾಗದ ಜಗಳದಲ್ಲಿ ಸ್ವಂತ ಚಿಕ್ಕಪ್ಪನ ಎರಡು ಹಲ್ಲು ಉದುರಿಸಿದ್ದ. ಆಮೇಲೊಮ್ಮೆ ಮೀನು ಹರಾಜು ಕೂಗುವವನನ್ನು ಪಾದ್ರಿಗಳ ಎದುರಿನಲ್ಲೇ ಎತ್ತಿ ಕಡಲಿಗೆ ಎಸೆದಿದ್ದ. "ಅವನಿಗೆ ಮಗಳನ್ನ ಕೊಡೋದಕ್ಕಿಂತ ಬಾವಿಗೆ ನೂಕೋದು ವಾಸಿ, ಬಾವಿ ಬೈಯೋದಿಲ್ಲ" ಎಂದು ಹೆಂಗಸರು ನಗುತ್ತಿದ್ದರು.

ನಲವತ್ತರ ಅಂಚಿನವರೆಗೂ ಅವನ ಜೊತೆ ಒಂದೇ ಕಟ್ಟುಮರದಲ್ಲಿ ಕೂತು ಬಾಳಿದವನೆಂದರೆ ತಂಗಿಯ ಗಂಡ ಸಿಲುವೈ ಒಬ್ಬನೇ. ಇನ್ನಾಸಿ ಬೈಯಲು ಶುರುಮಾಡಿದರೆ ಸಿಲುವೈ ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವುದರೊಳಗೆ ಬೈಗುಳವೂ ಮುಗಿದಿರುತ್ತಿತ್ತು. "ಭಾವ, ಇವತ್ತು ಒಂದೂವರೆ ಬೀಡಿ ಆಯ್ತು. ನಿಂಗೆ ವಯಸ್ಸಾಗ್ತಿದೆ" ಎನ್ನುತ್ತಿದ್ದ. ಇನ್ನಾಸಿ ಹಿಂದೆ ಕೂತು ಹುಟ್ಟು ಹಿಡಿದು ಕಟ್ಟುಮರದ ಮೂತಿ ತಿರುಗಿಸುವುದು, ಸಿಲುವೈ ಮುಂದೆ ಹಾಯಿಹಗ್ಗ ಹಿಡಿದು ಗಾಳಿಗೆ ತಕ್ಕಂತೆ ಎಳೆಯುವುದು, ಬಿಡುವುದು. ನಾಲ್ಕು ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದರೆ ಆಯಿತು ಒಂದು ಮರ. ಅದನ್ನು ನಡೆಸಲು ನಾಲ್ಕು ಕೈ ಬೇಕು. ಅದು ಅಜ್ಜಂದಿರ ಕಾಲದ ಲೆಕ್ಕ.

ಎಪ್ಪತ್ತೆಂಟನೆಯ ಇಸವಿಯ ಸೆಪ್ಟೆಂಬರಿನಲ್ಲಿ, ಹೊತ್ತು ಮಾರುದ್ದ ಏರಿದ್ದ ಒಂದು ಬೆಳಗು, ಇಬ್ಬರೂ ಬಲೆ ಎಳೆಯುತ್ತಿದ್ದರು. ಬಲೆ ಭಾರವಾಗಿತ್ತು. ಇನ್ನಾಸಿ ಬಲೆಯ ತಲೆಹಗ್ಗವನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡು ಎಳೆಯುತ್ತಿದ್ದ. ಹಾಗೆ ಸುತ್ತಬಾರದು ಎಂದು ಅವನಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಸುತ್ತುತ್ತಿದ್ದರು.

ನೀಲಿ ಬಣ್ಣದ ಬೋಟೊಂದು ತೆಂಕಣ ಬಂಡೆಯ ಮರೆಯಿಂದ ಬಂತು. ಬಂದರಿನ ಎಂಜಿನ್ ಬೋಟುಗಳು ದಡದ ಹತ್ತಿರದ ನೀರಿಗೆ ಬರಬಾರದೆಂದು ಮಾತಾಗಿತ್ತು. ಸೀಗಡಿ ಬಂದ ತಿಂಗಳಲ್ಲಿ ಆ ಮಾತು ಯಾರಿಗೂ ನೆನಪಿರುತ್ತಿರಲಿಲ್ಲ. ಇನ್ನಾಸಿ ಎದ್ದು ನಿಂತು ಕೂಗಿದ. ಸಿಲುವೈ ತಲೆಯ ವಸ್ತ್ರ ಬಿಚ್ಚಿ ಬೀಸಿದ. ಬೋಟು ತಿರುಗಲಿಲ್ಲ. ಅದರ ಮೂತಿ ಮರದ ಮುಂತುದಿಗೆ ಗುದ್ದಿತು. ಕಟ್ಟು ಹರಿದು ದಿಮ್ಮಿಗಳು ನಾಲ್ಕು ದಿಕ್ಕಿಗೆ ಚೆದುರಿದವು. ಬಲೆ ಬೋಟಿನ ತಳಕ್ಕೆ ಸಿಕ್ಕಿ ಹಗ್ಗ ಓಡಿತು, ಹಗ್ಗದ ಜೊತೆಗೆ ಇನ್ನಾಸಿಯೂ. ನೀರೊಳಗೆ ಹತ್ತು ಮಾರು ಅವನನ್ನು ನಾಯಿಯಂತೆ ಎಳೆದೊಯ್ದ ಹಗ್ಗ ಆಮೇಲೆ ತಾನಾಗಿ ಬಿಟ್ಟಿತು. ಬಿಟ್ಟದ್ದಲ್ಲ. ಹಿಡಿದುಕೊಳ್ಳಲು ಬೆರಳುಗಳು ಉಳಿದಿರಲಿಲ್ಲ. ಎಡಗೈಯಲ್ಲಿ ಹೆಬ್ಬೆರಳು ಮತ್ತು ಅರ್ಧ ಅಂಗೈ, ಅಷ್ಟೇ.

ಮೇಲೆ ಬಂದಾಗ ಬೋಟಿನ ಹಿಂದೆ ನೀರು ಕೆಂಪಾಗಿತ್ತು. ಅದು ತನ್ನ ಕೈಯ ರಕ್ತವೆಂದೇ ಅವನು ಮೊದಲು ತಿಳಿದ. ಆಮೇಲೆ ಸಿಲುವೈಯನ್ನು ಕಂಡ. ಬೋಟಿನ ಅಡಿಯಲ್ಲಿ ತಿರುಗುವ ಪಂಕ ಅವನನ್ನು ಎದೆಯಿಂದ ತೊಡೆಯವರೆಗೆ ಸೀಳಿತ್ತು. ಡ್ರೈವರ್ ಕೋಣೆಯ ಕಿಟಕಿಯಿಂದ ಒಂದು ಮುಖ ಹಿಂದಿರುಗಿ ನೋಡಿತು: ಕೆಂಪು ವಸ್ತ್ರ ಸುತ್ತಿದ ತಲೆ, ಹುಬ್ಬಿನ ಮೇಲೆ ಅಡ್ಡಕ್ಕೆ ಹಳೆಯ ಗಾಯದ ಗೆರೆ. ನೋಡಿತು, ಒಳಗೆ ಹೋಯಿತು. ಎಂಜಿನ್ನಿನ ಸದ್ದು ಜೋರಾಯಿತು.

ಬೇರೆ ಕಟ್ಟುಮರಗಳು ಬರುವವರೆಗೆ, ಮೂರು ತಾಸು, ಇನ್ನಾಸಿ ಒಂದು ದಿಮ್ಮಿಯ ಮೇಲೆ ಎದೆಯೂರಿ, ಬಲಗೈಯಲ್ಲಿ ಸಿಲುವೈಯ ಕೂದಲು ಹಿಡಿದುಕೊಂಡು ತೇಲುತ್ತಿದ್ದ.

ವಿಚಾರಣೆ ನಡೆಯಿತು. ಆ ಡ್ರೈವರ್ ಹೆಸರು ರಾಯಪ್ಪನ್ ಎಂದು ಗೊತ್ತಾದದ್ದು ಆಗಲೇ. ಬೋಟಿನ ಮಾಲೀಕ ಐವರು ಸಾಕ್ಷಿಗಳನ್ನು ತಂದು, ಆ ದಿನ ಬೋಟು ದುರಸ್ತಿಗೆಂದು ದಡದಲ್ಲೇ ಇತ್ತು ಎಂದ. ರಾಯಪ್ಪನ್ ತಲೆ ಎತ್ತದೆ ಹೌದೆಂದ. "ಅಲೆಯ ಹೊಡೆತಕ್ಕೆ ಕಟ್ಟುಮರ ಒಡೆದು ಸಾವು" ಎಂದು ಕಾಗದದಲ್ಲಿ ಬರೆದು ಮುಗಿಸಿದರು. ಇನ್ನಾಸಿ ಮೇಜಿನ ಮೇಲಿದ್ದ ಕಾಗದದ ಭಾರದ ಕಲ್ಲನ್ನೆತ್ತಿ ಮಾಲೀಕನ ಮುಖಕ್ಕೆ ಬೀಸಿದ. ಗುರಿ ತಪ್ಪಿ ಗೋಡೆಗೆ ಬಡಿಯಿತು. ಅದಕ್ಕೆ ಹದಿನೈದು ದಿನ ಜೈಲಾಯಿತು.

ಜೈಲಿನಿಂದ ಬರುವಷ್ಟರಲ್ಲಿ ತಂಗಿ ಅಲಂಗಾರಂ ತನ್ನ ಪಾತ್ರೆ, ಹಗ್ಗ ಹೊಸೆಯುವ ರಾಟೆ ಎತ್ತಿಕೊಂಡು ಅವನ ಮನೆಗೆ ಬಂದಿದ್ದಳು. ಮಕ್ಕಳಿರಲಿಲ್ಲ. ಅಳು ಮುಗಿದಿತ್ತು. "ಗಂಜಿ ಇದೆ, ತಿನ್ನು" ಎಂದಳು. ಅವನು ತಿಂದ.

"ನಾಳೆಯಿಂದ ಕಡಲಿಗೆ ಹೋಗ್ತೀನಿ" ಎಂದ.

"ಯಾರ ಜೊತೆ?"

ಅದೇ ಪ್ರಶ್ನೆ. ಅವನು ಮನೆ ಮನೆಗೆ ಹೋಗಿ ಕೇಳಿದ. ಜೀವನದಲ್ಲಿ ಮೊದಲ ಸಲ ಮೆತ್ತಗೆ ಕೇಳಿದ. ಮುಂದಿನ ಬೀದಿಯ ಮಿಕ್ಕೇಲ್ ಮಾತ್ರ ನೇರವಾಗಿ ಹೇಳಿದ: "ಇನ್ನಾಸಿ, ಎರಡು ಕೈ ಇದ್ದಾಗಲೇ ನಿನ್ನ ಜೊತೆ ಬಂದೋನು ಸತ್ತ. ಈಗ ಒಂದೂವರೆ. ನಂಗೆ ಹೆಂಡತಿ ಮಕ್ಕಳಿದಾರೆ ಕಣಪ್ಪ."

ಇನ್ನಾಸಿ ಅವನ ಕುತ್ತಿಗೆಗೆ ಕೈ ಹಾಕಿದ. ಒಂದೇ ಕೈ. ಮಿಕ್ಕೇಲ್ ಸುಲಭವಾಗಿ ಕೊಸರಿಕೊಂಡು ಎದೆಗೊಂದು ಗುದ್ದಿದ. ಇನ್ನಾಸಿ ಮರಳಿನ ಮೇಲೆ ಬಿದ್ದ. ಬಿದ್ದವನನ್ನು ನೋಡಿ ಮಿಕ್ಕೇಲನಿಗೇ ನಾಚಿಕೆಯಾಯಿತು.

ಉಳಿದ ಮೂರು ದಿಮ್ಮಿಗಳನ್ನು ಅಣ್ಣ ತಂಗಿ ಸೇರಿ ಕಟ್ಟಿದರು. ಮೊದಲ ದಿನ ಇನ್ನಾಸಿ ಬಲಗೈಯಲ್ಲಿ ಹುಟ್ಟು ಹಿಡಿದು, ಹಾಯಿಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋದ. ಅರ್ಧ ದಾರಿಯಲ್ಲಿ ಗಾಳಿ ಒಮ್ಮೆಲೇ ಬಡಿಯಿತು. ಹಗ್ಗ ಓಡಿತು, ಅದರ ಜೊತೆ ಒಂದು ದವಡೆಹಲ್ಲೂ ಓಡಿತು. ಬಾಯಿತುಂಬ ರಕ್ತ ತುಂಬಿಕೊಂಡು ದಡಕ್ಕೆ ಬಂದವನನ್ನು ನೋಡಿ ಅಲಂಗಾರಂ, "ಇನ್ನು ಮೂವತ್ತೊಂದು ಇವೆ. ಒಂದು ತಿಂಗಳು ಮೀನು ಹಿಡೀಬಹುದು" ಎಂದಳು.

ಅವಳ ಮಾತಿಗೆ ನಕ್ಕನೋ ಉರಿದುಕೊಂಡನೋ, ಅವನು ಅಂದೇ ಕೂತು ಯೋಚಿಸಿದ. ಇಲ್ಲದ ಕೈಗೆ ಬದಲು ಇನ್ನೊಂದು ಕೈ ಬೇಕು. ಹಗ್ಗ ಹಿಡಿಯುವ ಕೈ. ಕೇಳಿದಾಗ ಬಿಡುವ ಕೈ.

ಮೊದಲು ಮಾಡಿದ್ದು ಗಾಳಿಮರದ ಒಂದು ಕವಲು. ಅದನ್ನು ಹಿಂದಿನ ಅಡ್ಡಪಟ್ಟಿಗೆ ಕಟ್ಟಿ, ಕವಲಿನ ಸಂದಿಯೊಳಗೆ ಹಗ್ಗವನ್ನು ಜಗ್ಗಿ ಸಿಕ್ಕಿಸಿದ. ಹಗ್ಗ ನಿಂತಿತು. ಚೆನ್ನಾಗಿಯೇ ನಿಂತಿತು. ಮೂರನೆಯ ದಿನ ಮಧ್ಯಾಹ್ನ ಬಿರುಗಾಳಿ ಎದ್ದಾಗ ಎಷ್ಟು ಎಳೆದರೂ ಅದು ಸಂದಿಯಿಂದ ಹೊರಗೆ ಬರಲಿಲ್ಲ. ಹಾಯಿ ಗಾಳಿ ತುಂಬಿಕೊಂಡು ಮರವನ್ನು ಮಗುಚಿತು. ಹಾಯಿಕಂಬ ಅವನ ತಲೆಗೆ ಬಿತ್ತು. ನೆತ್ತಿಯ ಚರ್ಮ ನಾಲ್ಕು ಬೆರಳಗಲ ಬಿಚ್ಚಿಕೊಂಡಿತು. ಮಗುಚಿದ ಮರದ ಮೇಲೆ ಕವುಚಿ ಮಲಗಿ, ಬಲಗಾಲಿನಿಂದ ನೀರು ಒದೆಯುತ್ತ ಸಂಜೆಗೆ ದಡ ಸೇರಿದ.

ತಲೆಗೆ ಬಟ್ಟೆ ಸುತ್ತಿಕೊಂಡೇ ಮಾರನೆಯ ದಿನ ಒಳನಾಡಿನ ತಂಗಪ್ಪನ್ ಆಚಾರಿಯ ಬಳಿ ಹೋದ. ಆಚಾರಿ ಎತ್ತಿನ ಗಾಡಿಯ ಗಾಲಿ ಮಾಡುವವನು. ಕಡಲನ್ನು ದೂರದಿಂದ ನೋಡಿ ಕೈಮುಗಿಯುವವನೇ ಹೊರತು ಒಂದು ದಿನ ಅದರಲ್ಲಿ ಕಾಲಿಟ್ಟವನಲ್ಲ. ಕವಲನ್ನು ತಿರುಗಿಸಿ ತಿರುಗಿಸಿ ನೋಡಿ ಎಲೆಯಡಿಕೆ ಉಗಿದ.

"ಹಿಡಿಯುತ್ತೆ, ಸರಿ. ಬಿಡಿಸೋದು ಯಾರು? ನಿಮ್ಮಜ್ಜ ಬರ್ತಾನಾ ಸ್ವರ್ಗದಿಂದ?"

"ಅದಕ್ಕೇ ಬಂದಿರೋದು."

"ಏಡಿ ನೋಡಿದೀಯಾ?"

"ಆಚಾರಿ, ನಾನು ಹುಟ್ಟಿದ್ದೇ ಏಡಿಗಳ ಮಧ್ಯೆ. ನೀನು ನಂಗೆ ಏಡಿ ತೋರಿಸ್ತೀಯಾ?"

"ಕೋಪ ಮಾಡ್ಕೋಬೇಡ. ಅದು ಹೇಗೆ ಹಿಡಿಯುತ್ತೆ? ಎರಡು ಕಡೆಯಿಂದ. ನೀನು ಎಳೆದಷ್ಟೂ ಬಿಗಿ ಹಿಡಿಯುತ್ತೆ. ಹಂಗೆ ಮಾಡೋಣ."

ಎರಡು ತಿಂಗಳು ಅವನು ಆಚಾರಿಯ ಚಪ್ಪರಕ್ಕೆ ಅಲೆದ. ಕೊನೆಗೆ ಆಕಾರಕ್ಕೆ ಬಂದದ್ದು ಹೀಗಿತ್ತು: ಮುಷ್ಟಿಗಾತ್ರದ ಎರಡು ಹುಣಸೆ ತುಂಡುಗಳು ಎದುರುಬದುರಾಗಿ ಹಿತ್ತಾಳೆ ಮೊಳೆಗಳ ಮೇಲೆ ತಿರುಗುತ್ತವೆ. ಒಳಮೈಗೆ ಗರಗಸದಂತೆ ಹಲ್ಲು. ತನ್ನ ಕಡೆಗೆ ಎಳೆದರೆ ಹಗ್ಗಕ್ಕೆ ದಾರಿ ಬಿಡುತ್ತವೆ. ಹಗ್ಗ ಹಿಂದಕ್ಕೆ ಓಡಲು ನೋಡಿದರೆ ಕಚ್ಚುತ್ತವೆ. ಬಾಯಿ ಮುಚ್ಚಿಸಲು ಸೈಕಲ್ ಟ್ಯೂಬಿನ ರಬ್ಬರು. ನೋಡಿದವರೆಲ್ಲ ಅದನ್ನು ಏಡಿ ಎಂದೇ ಕರೆದರು.

ಕಡಲಿನಲ್ಲಿ ಏಡಿ ಮೊದಲ ದಿನವೇ ಮೋಸ ಮಾಡಿತು. ಹೊಸ ನೈಲಾನ್ ಹಗ್ಗ ಹಲ್ಲುಗಳ ನಡುವೆ ಹಾವಿನಂತೆ ಜಾರಿ ಅವನ ತೊಡೆಯ ಮೇಲೆ ಉಜ್ಜಿಕೊಂಡು ಓಡಿತು. ಚರ್ಮ ಸುಟ್ಟು ಸುಲಿದು ಮಾಂಸ ಕಂಡಿತು. ಮನೆಗೆ ಬಂದವನೇ ಏಡಿಯನ್ನು ಕಲ್ಲಿನಿಂದ ಜಜ್ಜಲು ಎತ್ತಿದ. ಅಲಂಗಾರಂ ಅವನ ಕೈ ಹಿಡಿದಳು.

"ಅದರ ಹಲ್ಲಿನ ತಪ್ಪಲ್ಲ ಅಣ್ಣ. ಹಗ್ಗದ ತಪ್ಪು. ಎಣ್ಣೆ ಹಚ್ಚಿದ ಹಾಗಿದೆ, ಯಾವ ಹಲ್ಲು ಹಿಡೀಬೇಕು?"

ಅವಳು ನೈಲಾನಿನ ಎರಡು ಎಳೆಗೆ ತೆಂಗಿನ ನಾರಿನ ಒಂದು ಎಳೆ ಸೇರಿಸಿ ಹೊಸೆದಳು. ಒರಟು ಹಗ್ಗ. ಏಡಿ ಅದನ್ನು ಕಚ್ಚಿದರೆ ಎತ್ತು ಕಟ್ಟಿ ಎಳೆದರೂ ಬಿಡದು. ಬಿಡಿಸಲು ಆಚಾರಿ ಕೆಳಗೊಂದು ಮೆಟ್ಟು ಕೂಡಿಸಿದ. ಹಿಮ್ಮಡಿಯಿಂದ ಅದನ್ನು ಒತ್ತಿದರೆ ಒಂದು ಅಡ್ಡಪಟ್ಟಿ ಹಗ್ಗವನ್ನು ಹಲ್ಲುಗಳ ನಡುವಿನಿಂದ ಮೇಲೆತ್ತಿ ಹೊರಗೆ ಹಾಕುತ್ತಿತ್ತು. ಒಂದು ಒದೆ, ಹಾಯಿ ಸಡಿಲ. ಗಾಳ ಎಳೆಯಲು ಇನ್ನೊಂದು ಉಪಾಯ: ತಾಳೆಮರದ ಉರುಳೆ, ಅದರ ಒಂದು ತುದಿಗೆ ಕಚ್ಚುಗಳು, ಕಚ್ಚಿಗೆ ಬೀಳುವ ಒಂದು ನಾಲಿಗೆ. ಒಂದೇ ಕೈಯಲ್ಲಿ ಮೊಳ ಮೊಳವಾಗಿ ಎಳೆದು ನಡುವೆ ಉಸಿರು ಬಿಡಬಹುದು. ಎಳೆದದ್ದು ಹಿಂದಕ್ಕೆ ಹೋಗದು.

ಮಳೆಗಾಲದ ಮೊದಲ ವಾರ ಇನ್ನಾಸಿ ಒಬ್ಬನೇ ಅಲೆಗಳ ಗೋಡೆ ದಾಟಿ ಹೋದ. ದಡದಲ್ಲಿ ಜನ ನಿಂತು ನೋಡಿದರು. ಮೂರನೆಯ ಅಲೆ ಮರವನ್ನು ನೆಟ್ಟಗೆ ನಿಲ್ಲಿಸಿತು. ಇನ್ನಾಸಿ ಮೆಟ್ಟು ಒದ್ದ, ಹಾಯಿ ಸಡಿಲವಾಯಿತು, ಮರ ಬಿದ್ದು ಮತ್ತೆ ಮುಂದೆ ಹೋಯಿತು. ಮಿಕ್ಕೇಲ್ ಬಾಯಿಂದ ತನಗೇ ತಿಳಿಯದೆ "ಸೂಳೇಮಗ!" ಎಂಬ ಮೆಚ್ಚುಗೆ ಬಂತು. ಸಂಜೆ ಎರಡು ಬುಟ್ಟಿ ಮೀನಿನೊಡನೆ ಇನ್ನಾಸಿ ಮರಳಿದ. ಅಂದು ಅವನು ಯಾರನ್ನೂ ಬೈಯಲಿಲ್ಲ. ಅದೇ ಜನರಿಗೆ ಹೆದರಿಕೆ ಹುಟ್ಟಿಸಿತು.

ಹೆದರಿಕೆ ಸುಳ್ಳಲ್ಲ. ಹಾಯಿಯ ಏಡಿಯ ಪಕ್ಕದಲ್ಲಿ ಅವನು ಅದಕ್ಕಿಂತ ದೊಡ್ಡ ಎರಡನೆಯ ಏಡಿಯೊಂದನ್ನು ಕೂಡಿಸಿದ್ದ. ಅದಕ್ಕೆ ಹಗ್ಗ ಇರಲಿಲ್ಲ.

"ಇದಕ್ಕೆ ದಪ್ಪ ಹಗ್ಗ ಬೇಕು" ಎಂದ ತಂಗಿಗೆ. "ತೇಲೋ ಹಗ್ಗ. ನಾರಿನದು. ಮೂವತ್ತು ಮಾರು."

ಅಲಂಗಾರಂ ಅವನ ಮುಖ ನೋಡಿದಳು. ಯಾವ ಮೀನಿಗೆಂದು ಕೇಳಲಿಲ್ಲ. ಮೂರು ವಾರ ರಾಟೆ ತಿರುಗಿಸಿ, ತೋಳಿನ ಗಾತ್ರದ ಹಗ್ಗ ಹೊಸೆದು, ಅಲ್ಲಲ್ಲಿ ಬಲೆಯ ಬೆಂಡು ಕಟ್ಟಿ ಸುರುಳಿ ಸುತ್ತಿ ಕೊಟ್ಟಳು. ಅವಳ ಬೆರಳುಗಳೆಲ್ಲ ಸುಲಿದಿದ್ದವು.

ಮಳೆಗಾಲದ ನಡುವೆ, ಆಡಿ ತಿಂಗಳಲ್ಲಿ ಸೀಗಡಿ ಬಂತು, ಸೀಗಡಿಯ ಹಿಂದೆ ಬೋಟುಗಳೂ ಬಂದವು. ಒಂಬತ್ತು ಗಂಟೆಯ ಹೊತ್ತು. ಇನ್ನಾಸಿ ತೆಂಕಣ ಬಂಡೆಗಳ ಹೊರಗೆ ಗಾಳ ಬಿಟ್ಟು ಕೂತಿದ್ದ. ಪಡುವಣದಿಂದ ನೀಲಿ ಬೋಟು ಬಲೆ ಎಳೆಯುತ್ತ ನಿಧಾನವಾಗಿ ಬರುತ್ತಿತ್ತು. ಬಲೆ ಎಳೆಯುವ ಬೋಟು ಬಸುರಿ ಎಮ್ಮೆಯಂತೆ. ಒಳ್ಳೆಯ ಗಾಳಿಯಲ್ಲಿ ಮರ ಅದಕ್ಕಿಂತ ಬೇಗ ಓಡುತ್ತದೆ. ಇನ್ನಾಸಿ ಗಾಳದ ಹಗ್ಗ ಕತ್ತರಿಸಿದ. ಹಾಯಿ ಎಳೆದು ಏಡಿಗೆ ಕಚ್ಚಿಸಿದ. ದಪ್ಪ ಹಗ್ಗದ ಒಂದು ತುದಿಗೆ ಕಲ್ಲು ಕಟ್ಟಿದ್ದ; ಅದನ್ನು ನೀರಿಗೆ ಬಿಟ್ಟು, ಇನ್ನೊಂದು ತುದಿಯನ್ನು ಎರಡನೆಯ ಏಡಿಯ ಬಾಯಿಗೆ ಕೊಟ್ಟು, ಬೋಟಿನ ಮೂತಿಯ ಎದುರಿಗೆ ಅಡ್ಡ ಹಾಯ್ದ.

ಬೋಟಿನಿಂದ ಕೂಗು ಕೇಳಿತು. "ಏಯ್! ಸಾಯೋಕೆ ಬಂದ್ಯೇನೋ?" ಕೆಂಪು ವಸ್ತ್ರ. ಹುಬ್ಬಿನ ಗೆರೆ.

ಮೂವತ್ತು ಮಾರು ಹಗ್ಗ ನೀರಿನ ಮೇಲೆ ಬಿಗಿಯಾಗಿ ಹರಡಿತು. ಬೋಟು ಅದರ ಮೇಲೆ ಬಂತು. ಪಂಕ ಹಗ್ಗವನ್ನು ನುಂಗಿ ಸುತ್ತತೊಡಗಿದ ಕ್ಷಣವೇ ಮರ ಹಿಂದಕ್ಕೆ ಜಗ್ಗಿತು, ದಿಮ್ಮಿಗಳು ಕಿರುಗುಟ್ಟಿದವು. ಇನ್ನಾಸಿ ಮೆಟ್ಟು ಒದ್ದ. ಹಗ್ಗದ ತುದಿ ಚಾವಟಿಯಂತೆ ಹಾರಿ ಅವನ ಕಿವಿಯ ತುದಿಯನ್ನು ಕಿತ್ತುಕೊಂಡು ಹೋಯಿತು. ಬೋಟಿನ ಎಂಜಿನ್ ಕೆಮ್ಮಿತು, ಅರಚಿತು, ನಿಂತಿತು.

ನಿಂತ ಬೋಟನ್ನು ಗಾಳಿ ಮತ್ತು ಅಲೆ ಎರಡೂ ಸೇರಿ ಬಂಡೆಗಳ ಕಡೆಗೆ ನೂಕಿದವು. ಬೋಟಿನ ಇಬ್ಬರು ಆಳುಗಳು ಐಸಿನ ಪೆಟ್ಟಿಗೆ ಹಿಡಿದುಕೊಂಡು ನೀರಿಗೆ ಹಾರಿದರು. ಆಚೆ ಇದ್ದ ಮಿಕ್ಕೇಲನ ಮರ ಅವರನ್ನು ಎತ್ತಿಕೊಂಡಿತು. ರಾಯಪ್ಪನ್ ಹಾರಲಿಲ್ಲ. ಕತ್ತಿ ಕಚ್ಚಿಕೊಂಡು ಪಂಕದ ಹಗ್ಗ ಕತ್ತರಿಸಲೆಂದು ಹಿಂಭಾಗದಲ್ಲಿ ಇಳಿದ. ಅಲೆಗೆ ಎದ್ದ ಬೋಟು ಅವನ ಮೇಲೆಯೇ ಇಳಿಯಿತು. ಮುಳುಗಿ ಎದ್ದಾಗ ಅವನ ಬಲತೋಳು ಮೊಣಕೈಯಿಂದ ತಪ್ಪು ದಿಕ್ಕಿಗೆ ತಿರುಗಿತ್ತು.

ಇನ್ನಾಸಿ ಮರವನ್ನು ಹತ್ತಿರ ತಂದ. ರಾಯಪ್ಪನ್ ಎಡಗೈ ಚಾಚಿದ. ಇನ್ನಾಸಿ ಹುಟ್ಟನ್ನು ಎತ್ತಿ ಅವನ ಮುಖಕ್ಕೆ ಹೊಡೆದ. ಮೂಗು ಒಡೆದ ಸದ್ದು ಅಲೆಯ ಸದ್ದಿನಲ್ಲೂ ಕೇಳಿತು. ಅವನು ಮುಳುಗಿದ, ಮತ್ತೆ ಎದ್ದ. ಇನ್ನಾಸಿ ಮತ್ತೆ ಹುಟ್ಟು ಎತ್ತಿದ.

"ನಾನು ಯಾರು ಗೊತ್ತೇನೋ?"

"ಗೊತ್ತು." ಬಾಯಿಯ ತುಂಬ ರಕ್ತ, ನೀರು. "ಗೊತ್ತು ಅಣ್ಣ. ಅವತ್ತು ನೋಡ್ದೆ. ಇಬ್ಬರನ್ನೂ ನೋಡ್ದೆ. ಒಬ್ಬ ಕೈ ಎತ್ತಿದ್ದ. ಹೆದರಿಬಿಟ್ಟೆ. ನಿಲ್ಲಿಸ್ಲಿಲ್ಲ."

ಹುಟ್ಟು ಮೇಲೆಯೇ ನಿಂತಿತು. ಒಂದು ವರ್ಷದಿಂದ ಪೊಲೀಸರು, ಮಾಲೀಕ, ಸಾಕ್ಷಿಗಳು ಎಲ್ಲರೂ ನಡೆದೇ ಇಲ್ಲವೆಂದ ಸಂಗತಿ ಅದು. ಇನ್ನಾಸಿಗೇ ಕೆಲವು ದಿನ ತಾನು ಕನಸು ಕಂಡೆನೋ ಎನ್ನಿಸುತ್ತಿತ್ತು.

"ಒಬ್ಬ ಕೈ ಎತ್ತಿದ್ನಾ?"

"ಎತ್ತಿದ್ದ."

ಇನ್ನಾಸಿ ಗಾಳದ ಉಳಿದ ಹಗ್ಗವನ್ನು ಅವನತ್ತ ಎಸೆದ. "ಸೊಂಟಕ್ಕೆ ಸುತ್ಕೋ. ನೀನು ಈಗ ಸಾಯೋ ಹಾಗಿಲ್ಲ. ಇದನ್ನ ನನ್ನ ತಂಗಿ ಮುಂದೆ ಹೇಳ್ಬೇಕು."

ಉರುಳೆ ಕಟ ಕಟ ಎಂದು ತಿರುಗಿತು. ಅಲೆ ಹಿಂದಕ್ಕೆ ಎಳೆದಾಗ ನಾಲಿಗೆ ಕಚ್ಚಿಗೆ ಬಿದ್ದು ಹಿಡಿಯಿತು. ಇನ್ನಾಸಿ ಒಂದೇ ಕೈಯಲ್ಲಿ, ಮೊಳ ಮೊಳವಾಗಿ, ಎಳೆದ ಪ್ರತಿ ಮೊಳಕ್ಕೂ ಒಂದೊಂದು ಬೈಗುಳ ಕೂಗುತ್ತ ಅವನನ್ನು ಮರದ ಮೇಲೆ ಎಳೆದು ಹಾಕಿದ. ಬೆನ್ನ ಹಿಂದೆ ಬೋಟು ಬಂಡೆಗೆ ಬಡಿದು ಒಡೆಯಿತು.

ದಡಕ್ಕೆ ಸುದ್ದಿ ಮೊದಲೇ ಮುಟ್ಟಿತ್ತು. ಮರ ಮರಳು ತಾಕುವಷ್ಟರಲ್ಲಿ ನೂರು ಜನ ಸೇರಿದ್ದರು. ಕೈಯಲ್ಲಿ ಹುಟ್ಟು, ಕಂಬ, ಕಲ್ಲು. ಇನ್ನಾಸಿ, "ತಾಳಿ, ಅವನು ಒಂದು ಮಾತು ಹೇಳ್ಬೇಕು" ಎಂದು ಕೂಗಿದ. ಯಾರು ತಾಳಿದರು? ವರ್ಷವೆಲ್ಲ ಬಲೆ ಹರಿಸಿಕೊಂಡವರು, ಮರ ಒಡೆಸಿಕೊಂಡವರು. ಮೊದಲ ಏಟು ರಾಯಪ್ಪನ್‌ನ ಮುರಿದ ತೋಳಿಗೇ ಬಿತ್ತು. ಅವನು ಹಂದಿಯಂತೆ ಅರಚಿದ. ಎರಡನೆಯದು ಬೆನ್ನಿಗೆ. ಇನ್ನಾಸಿ ಯಾರನ್ನೋ ಒದ್ದ, ಯಾರದೋ ಮುಖಕ್ಕೆ ತಲೆಯಿಂದ ಗುದ್ದಿದ, ಕೊನೆಗೆ ಬೇರೆ ದಾರಿ ಕಾಣದೆ ರಾಯಪ್ಪನ್ ಮೇಲೆ ಕವುಚಿ ಬಿದ್ದ. ಮೇಲಿನಿಂದ ಬಂದ ಹುಟ್ಟು ಅವನ ಹೆಗಲ ಮೂಳೆಯನ್ನು ಮುರಿಯಿತು. ಯಾರು ಹೊಡೆದರೆಂದು ಅವನಿಗೆ ಗೊತ್ತಾಗಲಿಲ್ಲ. ಹೊಡೆದವನು ಊರಿನವನೇ.

"ಬಿಡ್ರೋ! ಅವನು ನನ್ನ ಪಾಲು!"

ಅಲಂಗಾರಂ. ಮಾರುಕಟ್ಟೆಯಿಂದ ಓಡಿ ಬಂದವಳ ಕೈಯಲ್ಲಿ ಮೀನು ಕತ್ತರಿಸುವ ಕತ್ತಿ ಇತ್ತು. ಜನ ದಾರಿ ಬಿಟ್ಟರು. ವಿಧವೆಯ ಹಕ್ಕು ಎಲ್ಲರಿಗಿಂತ ದೊಡ್ಡದು. ಅವಳು ಮರಳಿನ ಮೇಲೆ ಮಂಡಿಯೂರಿ, ಕತ್ತಿಯ ತುದಿಯನ್ನು ರಾಯಪ್ಪನ್ ಕೊರಳಿಗೆ ಇಟ್ಟಳು.

"ಹೇಳು."

ಅವನು ಹೇಳಿದ. ನಿಂತು ನಿಂತು, ರಕ್ತ ಉಗಿಯುತ್ತ, ಎಲ್ಲವನ್ನೂ ಹೇಳಿದ. ಮಾಲೀಕ ಏನು ಹೇಳಿಕೊಟ್ಟ ಎಂಬುದನ್ನೂ. ಕೇಳುತ್ತ ಕೇಳುತ್ತ ಎತ್ತಿದ ಕಂಬಗಳು ಕೆಳಗಿಳಿದವು.

"ಕೈ ಎತ್ತಿದಾಗ ಏನಾದ್ರೂ ಕೂಗಿದ್ನಾ?" ಎಂದು ಅವಳು ಕೇಳಿದಳು.

"ಕೇಳಿಸ್ಲಿಲ್ಲ ಅಕ್ಕ. ಎಂಜಿನ್ ಸದ್ದು."

ಕತ್ತಿಯನ್ನು ಮರಳಿಗೆ ಚುಚ್ಚಿ ಅವಳು ಬರಿಗೈಯಿಂದ ಅವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ತೋಳು ಸೋಲುವವರೆಗೆ ಹೊಡೆದಳು. ಅವನು ಮುಖ ತಿರುಗಿಸಲಿಲ್ಲ. ಕೊನೆಗೆ ಎದ್ದು ಸೆರಗಿನಿಂದ ಕೈಯ ರಕ್ತ ಒರೆಸಿಕೊಂಡು ಹೇಳಿದಳು: "ಇಬ್ಬರನ್ನೂ ಆಸ್ಪತ್ರೆಗೆ ಹೊತ್ಕೊಂಡು ಹೋಗಿ. ಇವನ ಬಾಯಿಗೆ ಏನೂ ಆಗ್ಬಾರ್ದು. ಕೋರ್ಟಲ್ಲಿ ಹೇಳೋಕೆ ಬೇಕು."

ಬೋಟು ಒಡೆದದ್ದಕ್ಕೆ ಬಂದರಿನವರ ಉತ್ತರ ಮೂರನೆಯ ಭಾನುವಾರ ಬಂತು. ಊರೆಲ್ಲ ಚರ್ಚಿನೊಳಗೆ ಪೂಜೆಯಲ್ಲಿದ್ದಾಗ ಬಂದರಿನಿಂದ ಆರು ಬೋಟುಗಳು ಬಂದವು. ಕಡಲಿನ ಕಡೆಯಿಂದ ಇಳಿದವರು ದಡದಲ್ಲಿ ಸಾಲಾಗಿ ಒಣಗುತ್ತಿದ್ದ ಮರಗಳ ಮೇಲೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಹೊಗೆ ಕಂಡು ಜನ ಓಡಿಬರುವಷ್ಟರಲ್ಲಿ ಹದಿನೇಳು ಮರಗಳು ಉರಿಯುತ್ತಿದ್ದವು. ಕಾವಲಿಗೆ ಕೂತಿದ್ದ ಮುದುಕ ಪಿಚ್ಚೈ ತನ್ನ ಮರವನ್ನು ನೀರಿಗೆ ಎಳೆಯಲು ಹೋಗಿ ಕಂಬದ ಏಟು ತಿಂದು ಅಲ್ಲೇ ಸತ್ತಿದ್ದ. ಇನ್ನಾಸಿ ಹೆಗಲಿಗೆ ಕಟ್ಟು ಹಾಕಿಕೊಂಡೇ ಬೆಂಕಿಯೊಳಗೆ ನುಗ್ಗಲು ನೋಡಿದ. ಮಿಕ್ಕೇಲ್ ಸೊಂಟ ಹಿಡಿದು ಎಳೆದ. ಅವನ ಮರವೂ ಹೋಯಿತು, ಏಡಿಗಳೂ ಹೋದವು. ಬೂದಿ ಕೆದಕಿದಾಗ ಹಿತ್ತಾಳೆ ಮೊಳೆಗಳಷ್ಟೇ ಸಿಕ್ಕವು.

ಪಿಚ್ಚೈಯ ಮಗಳು ಶವದ ಮುಂದೆ ಕೂತು ಬಂದರಿನವರನ್ನು ಶಪಿಸಲಿಲ್ಲ, ಇನ್ನಾಸಿಯನ್ನು ಶಪಿಸಿದಳು. "ನಿನ್ನ ಒಂದು ಕೈಗೆ ನಮ್ಮಪ್ಪನ ಜೀವ ಬೇಕಿತ್ತಾ?" ಹೆಣ ಎತ್ತುವಾಗ ಇನ್ನಾಸಿ ಹೆಗಲು ಕೊಡಲು ಹೋದ, ಅವಳು ಬೇಡವೆಂದಳು. ಕೊನೆಯಲ್ಲಿ, ಎಲ್ಲರ ಹಿಂದೆ ನಡೆದ. ಅಂದಿನಿಂದ ಅವನು ಯಾರ ಮೇಲೂ ಮೊದಲು ಕೈ ಎತ್ತಲಿಲ್ಲ ಎಂದು ಅಲಂಗಾರಂ ಹೇಳುತ್ತಿದ್ದಳು. ಬೈಯುವುದು ಮಾತ್ರ ನಿಲ್ಲಲಿಲ್ಲ.

ರಾಯಪ್ಪನ್ ಕೋರ್ಟಿನಲ್ಲಿ ಮಾತು ಉಳಿಸಿಕೊಂಡ. ಅವನಿಗೆ ಎರಡು ವರ್ಷವಾಯಿತು, ಬೋಟು ಒಡೆಸಿದ್ದಕ್ಕೆ ಇನ್ನಾಸಿಗೆ ಎಂಟು ತಿಂಗಳು. ಮಾಲೀಕನಿಗೆ ಏನೂ ಆಗಲಿಲ್ಲ.

ಸುಟ್ಟ ಹದಿನೇಳು ಮರಗಳಿಗೆ ಬದಲು ದಿಮ್ಮಿ ತರುವ ಶಕ್ತಿ ಊರಿಗೆ ಇರಲಿಲ್ಲ. ಸಿಕ್ಕಷ್ಟು ದಿಮ್ಮಿಗಳಲ್ಲಿ ಸಣ್ಣ ಮರಗಳನ್ನು ಕಟ್ಟಿದರು; ಒಬ್ಬ ಕೂತರೆ ಇನ್ನೊಬ್ಬನಿಗೆ ಜಾಗವಿಲ್ಲ. ಆಗ ಎಲ್ಲರಿಗೂ ಏಡಿ ಬೇಕಾಯಿತು. ಇನ್ನಾಸಿ ಜೈಲಿನಿಂದ ಬಂದ ದಿನ ಮಿಕ್ಕೇಲ್ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಅದೇ... ಆ ಏಡಿ..."

"ಎರಡು ಕೈ ಇರೋನಿಗೆ ಏಡಿ ಯಾಕೋ?"

"ತಪ್ಪಾಯ್ತು ಮಾರಾಯ. ನೀನು ಬೈದುಕೋ, ಬೈದು ಮುಗಿಸಿ ಮಾಡ್ಕೊಡು."

ಬೈದು ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆಚಾರಿಯ ಚಪ್ಪರದಲ್ಲಿ ಕೂತು ಇನ್ನಾಸಿ ಹದಿನೇಳು ಏಡಿ ಮಾಡಿದ. ಮೂಳೆ ಸರಿಯಾಗಿ ಕೂಡದ ಹೆಗಲಿನಿಂದ ಎಡಗೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ತುಂಡನ್ನು ಕಾಲ್ಬೆರಳುಗಳಲ್ಲಿ ಹಿಡಿದು ಉಳಿ ಹಾಕುತ್ತಿದ್ದ. ಪಿಚ್ಚೈಯ ಅಳಿಯನ ಏಡಿಯನ್ನು ತಾನೇ ಒಯ್ಯದೆ ಅಲಂಗಾರಂ ಕೈಯಲ್ಲಿ ಕಳಿಸಿದ. ಅದು ಹಿಂದಿರುಗಿ ಬರಲಿಲ್ಲ.

ಆರು ವರ್ಷಗಳ ನಂತರ ಪಡುವಣದ ಇನ್ನೊಂದು ಊರಿನಿಂದ ಸುದ್ದಿ ಬಂತು: ಏಡಿ ಬಿಡಲಿಲ್ಲವಂತೆ, ಮರ ಮಗುಚಿ ಒಬ್ಬ ಸತ್ತನಂತೆ. ಇನ್ನಾಸಿ ಅಂದೇ ಬಸ್ಸು ಹತ್ತಿ ಹೋದ. ಸತ್ತವನ ಹೆಂಡತಿ ಒಳಗಿನಿಂದ ಆ ಏಡಿಯನ್ನು ತಂದು ಅವನ ಮುಖಕ್ಕೇ ಎಸೆದಳು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅವನು ಅದನ್ನು ನೆಲದಿಂದ ಎತ್ತಿಕೊಂಡು, ಅಲ್ಲೇ ಅಂಗಳದಲ್ಲಿ ಕೂತು ಬಿಚ್ಚಿದ. ನೋಡಿ ಮಾಡಿಕೊಂಡ ಏಡಿ ಅದು, ಅವನ ಕೈಯದಲ್ಲ. ಮೆಟ್ಟನ್ನು ಮಾವಿನ ಮರದಲ್ಲಿ ಮಾಡಿದ್ದರು. ನೀರು ಕುಡಿದ ಮಾವು ಉಬ್ಬಿ ಮೊಳೆಯ ಸುತ್ತ ಬಿಗಿದು ಕೂತಿತ್ತು.

"ನನ್ನ ತಪ್ಪಲ್ಲಮ್ಮ" ಎಂದು ಅವನು ಹೇಳಬಹುದಿತ್ತು. ಬದಲಿಗೆ ಆ ಊರಿನ ದಡಕ್ಕೆ ಹೋಗಿ ಒಂದೊಂದೇ ಮರದ ಏಡಿಯನ್ನು ಒದ್ದು ನೋಡಿದ. ಕಚ್ಚಿಕೊಂಡು ನಿಂತ ನಾಲ್ಕನ್ನು ಕಲ್ಲಿನಿಂದ ಜಜ್ಜಿ ಪುಡಿಮಾಡಿದ. ಮರದ ಒಡೆಯರು ಹೊಡೆಯಲು ಬಂದರು.

"ಹೊಡೀರಿ" ಎಂದ ಇನ್ನಾಸಿ. "ಆಮೇಲೆ ಹುಣಸೆ ಕೊರಡು ತನ್ನಿ. ಸಾಯಂಕಾಲದೊಳಗೆ ನಾಲ್ಕೂ ಮಾಡ್ಕೊಟ್ಟೇ ಹೋಗ್ತೀನಿ."

ಅವರಲ್ಲೊಬ್ಬ ಎರಡು ಏಟು ಹಾಕಿದ. ಇನ್ನೊಬ್ಬ ಕೊರಡು ತರಲು ಹೋದ.